ಸಿಗ್ನಲ್ ಕಡ್ಡಿಗಳ ಲೆಕ್ಕ ಕೊಡಿ: ಒಂದು ಬಹಿರಂಗ ಪತ್ರ

ಮೊಬೈಲ್ ಜಾಲ ನಡೆಸುವ ಕಂಪನಿಗಳಿಗೆ, ಫೋನ್ ತಯಾರಿಸುವವರಿಗೆ, ತರಂಗಾಂತರ ಹಂಚಿ ಇವರಿಬ್ಬರ ಮೇಲೂ ಕಣ್ಣಿಡಬೇಕಾದ ಅಧಿಕಾರಿಗಳಿಗೆ,

ಮಾನ್ಯರೇ,

ಫೋನಿನ ಮೇಲಿನ ಮೂಲೆಯಲ್ಲಿ ನಾಲ್ಕು ಪುಟ್ಟ ಕಡ್ಡಿಗಳು ಇರುತ್ತವಲ್ಲ, ಒಂದಕ್ಕಿಂತ ಇನ್ನೊಂದು ಉದ್ದ, ಈ ಪತ್ರ ಅವುಗಳ ಬಗ್ಗೆ. ಇಷ್ಟಕ್ಕೆಲ್ಲ ಬಹಿರಂಗ ಪತ್ರ ಯಾಕೆ, ಇವನು ಕಡ್ಡೀನ ಗುಡ್ಡ ಮಾಡ್ತಿದ್ದಾನೆ ಅಂತ ನಿಮಗೆ ಅನ್ನಿಸಬಹುದು. ಪರವಾಗಿಲ್ಲ. ಮೊದಲು ನಡೆದದ್ದನ್ನು ಹೇಳುತ್ತೇನೆ.

ಕೆಲವು ತಿಂಗಳ ಹಿಂದೆ ಅಮ್ಮ ಆಸ್ಪತ್ರೆಯಲ್ಲಿದ್ದರು. ಡಿಸ್ಚಾರ್ಜ್ ದಿನ ಕೌಂಟರಿಗೆ ಹೋದೆ. ವಿಮೆಯ ಕೆಲಸ ಮುಗಿಯಬೇಕಾದರೆ ನನ್ನ ನಂಬರಿಗೆ ಬರುವ ಓಟಿಪಿ ಹೇಳಬೇಕಿತ್ತು. ಫೋನ್ ನೋಡಿದೆ. ನಾಲ್ಕಕ್ಕೆ ನಾಲ್ಕೂ ಕಡ್ಡಿ ಇದ್ದವು. ಓಟಿಪಿ ಬರಲಿಲ್ಲ. ಮತ್ತೆ ಕಳಿಸಿದರು. ಬರಲಿಲ್ಲ. ಫೋನ್ ಆಫ್ ಮಾಡಿ ಆನ್ ಮಾಡಿದೆ, ಏರೋಪ್ಲೇನ್ ಮೋಡ್‌ಗೆ ಹಾಕಿ ತೆಗೆದೆ, ಕೈ ಮೇಲೆತ್ತಿ ಹಿಡಿದೆ (ಯಾಕೆ ಅಂತ ಕೇಳಬೇಡಿ, ಎಲ್ಲರೂ ಮಾಡುತ್ತಾರೆ). ಹಿಂದೆ ಸಾಲು ಬೆಳೆಯುತ್ತಿತ್ತು. ವ್ಹೀಲ್‌ಚೇರಿನಲ್ಲಿ ಕೂತಿದ್ದ ಅಮ್ಮ ಎರಡು ನಿಮಿಷಕ್ಕೊಮ್ಮೆ "ಬಂತೇನೋ?" ಅಂತ ಕೇಳುತ್ತಿದ್ದರು. ಮುಕ್ಕಾಲು ಗಂಟೆ ಹೀಗೇ ಹೋಯಿತು. ಕೊನೆಗೆ ಬಾಗಿಲಲ್ಲಿದ್ದ ಸೆಕ್ಯುರಿಟಿ ಗಾರ್ಡ್ ಹತ್ತಿರ ಬಂದು, "ಇಲ್ಲಿ ಬರಲ್ಲ ಸರ್. ಗೇಟ್ ಹತ್ರ ಹೋಗಿ, ಆ ಲೈಟ್ ಕಂಬದ ಪಕ್ಕ ನಿಂತ್ಕೊಳ್ಳಿ. ಅಲ್ಲಿ ಬರುತ್ತೆ" ಅಂದರು.

ಹೋದೆ. ಕಂಬದ ಪಕ್ಕ ಕಡ್ಡಿ ಎರಡಕ್ಕೆ ಇಳಿಯಿತು. ಅಲ್ಲಿ ಏಳು ಓಟಿಪಿ ಒಟ್ಟಿಗೆ ಬಂದು ಬಿದ್ದವು. ಆರರ ಅವಧಿ ಮುಗಿದಿತ್ತು. ಏಳನೆಯದನ್ನು ನಾನು ಗೇಟಿನಿಂದ ಕೂಗಿದೆ, ಗಾರ್ಡ್ ಬಾಗಿಲಿನಿಂದ ಒಳಗೆ ಕೂಗಿದರು, ಕೌಂಟರಿನಾಕೆ ಟೈಪ್ ಮಾಡಿದರು. ಆ ಮೆಸೇಜಿನ ಕೊನೆಯ ಸಾಲು: ಇದನ್ನು ಯಾರಿಗೂ ಹೇಳಬೇಡಿ.

ಈಗ ನಗು ಬರುತ್ತೆ. ಅವತ್ತು ಬರಲಿಲ್ಲ. ಓಟಿಪಿ ತಡವಾಯಿತು ಅಂತ ನಾನು ದೂರುತ್ತಿಲ್ಲ. ಗಾಳಿಯಲ್ಲಿ ಬರುವ ಅಲೆ ಒಮ್ಮೊಮ್ಮೆ ಕೈಕೊಡುತ್ತದೆ, ಅಷ್ಟು ನಮಗೂ ಗೊತ್ತು. ಆದರೆ ನಾಲ್ಕು ಕಡ್ಡಿ ಇದ್ದ ಜಾಗದಲ್ಲಿ ಕೆಲಸ ಆಗಲಿಲ್ಲ, ಎರಡು ಕಡ್ಡಿ ಇದ್ದ ಜಾಗದಲ್ಲಿ ಆಯಿತು. ಇದನ್ನು ನೀವು ಮಾಡಿಕೊಟ್ಟ ಫೋನ್ ನನಗೆ ಹೇಳಲಿಲ್ಲ, ಗಾರ್ಡ್ ಹೇಳಿದರು. ಹಾಗಾದರೆ ಆ ಕಡ್ಡಿಗಳು ಅಲ್ಲಿ ಯಾತಕ್ಕಿವೆ?

ಆ ಪ್ರಶ್ನೆ ತಲೆಯಲ್ಲೇ ಉಳಿಯಿತು, ಸ್ವಲ್ಪ ಓದಿಕೊಂಡೆ. ಫೋನಿಗೆ ಬರುವ ಸಿಗ್ನಲ್ ಎಷ್ಟು ಜೋರಾಗಿದೆ ಅನ್ನುವುದನ್ನು ಡಿಬಿಎಂ ಅನ್ನುವ ಅಳತೆಯಲ್ಲಿ ಲೆಕ್ಕ ಹಾಕುತ್ತಾರೆ. ಮೈನಸ್ 70 ಅಂದರೆ ಚೆನ್ನಾಗಿದೆ, ಮೈನಸ್ 110 ಅಂದರೆ ಕ್ಷೀಣ. ನೋಡಲು 40ರ ವ್ಯತ್ಯಾಸ. ಆದರೆ ಈ ಅಳತೆಯಲ್ಲಿ ಪ್ರತಿ 10ಕ್ಕೆ ಶಕ್ತಿ ಹತ್ತು ಪಟ್ಟು ಬದಲಾಗುತ್ತದೆ, ಹಾಗಾಗಿ ಇವೆರಡರ ನಡುವೆ ಹತ್ತು ಸಾವಿರ ಪಟ್ಟು ಅಂತರ. ಮೈನಸ್ 110 ಎಷ್ಟು ಸಣ್ಣದು ಅಂದರೆ, ಒಂದು ವ್ಯಾಟನ್ನು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ಕೋಟಿ ಪಾಲು ಮಾಡಿದರೆ ಎಷ್ಟು ಸಿಗುತ್ತದೋ ಅಷ್ಟು. ಅಷ್ಟರಲ್ಲೂ ಫೋನ್ ಮಾತನ್ನು ಹೆಕ್ಕಿ ತೆಗೆಯುತ್ತದೆ ಅಂದರೆ ನಿಮ್ಮ ಎಂಜಿನಿಯರುಗಳಿಗೆ ಕೈಮುಗಿಯಬೇಕು, ನಿಜವಾಗಿಯೂ.

ಇಷ್ಟು ದೊಡ್ಡ ಅಂತರವನ್ನು ನಾಲ್ಕು ಕಡ್ಡಿಗೆ ಇಳಿಸುವ ಲೆಕ್ಕ ಮಾತ್ರ ಯಾರದ್ದು? ಎಲ್ಲರೂ ಪಾಲಿಸಬೇಕಾದ ಒಂದೇ ನಿಯಮ ಇಲ್ಲ. ಎಷ್ಟು ಡಿಬಿಎಂಗೆ ಎಷ್ಟು ಕಡ್ಡಿ ಅನ್ನುವುದನ್ನು ಫೋನ್ ತಯಾರಿಸುವವರೇ ತೀರ್ಮಾನಿಸುತ್ತಾರೆ. ಒಂದೇ ಮೇಜಿನ ಮೇಲೆ ಒಂದೇ ಕಂಪನಿಯ ಸಿಮ್ ಹಾಕಿದ ಎರಡು ಫೋನ್ ಇಟ್ಟರೆ ಒಂದು ಮೂರು ತೋರಿಸಬಹುದು, ಇನ್ನೊಂದು ನಾಲ್ಕು. ತಕ್ಕಡಿಯ ಬಟ್ಟನ್ನು ಅಂಗಡಿಯವನೇ ಮನೆಯಲ್ಲಿ ಮಾಡಿಕೊಂಡು ಬಂದರೆ ನಾವು ಸುಮ್ನೆ ಇರುತ್ತೇವಾ?

ಇದು ನನ್ನ ಊಹೆಯಲ್ಲ. 2010ರ ಜುಲೈನಲ್ಲಿ, ಐಫೋನ್ 4 ಕೈಯಲ್ಲಿ ಹಿಡಿದರೆ ಸಿಗ್ನಲ್ ಬೀಳುತ್ತದೆ ಅಂತ ಗಲಾಟೆ ಆದಾಗ, ಆಪಲ್ ಸ್ವತಃ ಗ್ರಾಹಕರಿಗೆ ಒಂದು ಬಹಿರಂಗ ಪತ್ರ ಬರೆಯಿತು. ಕಡ್ಡಿ ತೋರಿಸುವ ನಮ್ಮ ಸೂತ್ರವೇ ಪೂರ್ತಿ ತಪ್ಪಾಗಿದೆ, ಎರಡು ತೋರಿಸಬೇಕಾದ ಕಡೆ ಕೆಲವೊಮ್ಮೆ ನಾಲ್ಕು ತೋರಿಸುತ್ತಿದ್ದೇವೆ, ಮೊದಲ ಐಫೋನಿನಿಂದಲೂ ಹೀಗೇ ಇದೆ ಅಂತ ಅದರಲ್ಲಿ ಒಪ್ಪಿಕೊಂಡಿತು. ಮೊದಲ ಐಫೋನ್ ಬಂದದ್ದು 2007ರಲ್ಲಿ. ಮೂರು ವರ್ಷ ಜನ ಆ ಕಡ್ಡಿ ನಂಬಿಕೊಂಡಿದ್ದರು.

ಸೂತ್ರ ಸರಿ ಇದ್ದರೂ ಮುಗಿಯಲಿಲ್ಲ. ಕಡ್ಡಿ ಹೇಳುವುದು ಟವರಿನ ದನಿ ನಿಮಗೆ ಎಷ್ಟು ಜೋರಾಗಿ ಕೇಳುತ್ತಿದೆ ಅಂತ, ಅಷ್ಟೇ. ದೊಡ್ಡ ಮೈದಾನದಲ್ಲಿ ವೇದಿಕೆ ಮೇಲಿರುವವನ ಕೈಯಲ್ಲಿ ಮೈಕ್ ಇದೆ ಅಂತ ಇಟ್ಟುಕೊಳ್ಳಿ. ಕೊನೆಯ ಸಾಲಿನಲ್ಲಿರುವ ನನಗೆ ಅವನ ಮಾತು ಸ್ಪಷ್ಟ. ನಾನು ಅಲ್ಲಿಂದ ಕೂಗಿದರೆ ಅವನಿಗೆ ಕೇಳುತ್ತದಾ? ಟವರ್ ಹತ್ತಾರು ವ್ಯಾಟಿನಲ್ಲಿ ಮಾತಾಡುತ್ತದೆ. 4ಜಿ ಫೋನ್ ಎಷ್ಟೇ ಗಂಟಲು ಹರಿದುಕೊಂಡರೂ ಸುಮಾರು 0.2 ವ್ಯಾಟ್. ಜೊತೆಗೆ ಮೈದಾನದಲ್ಲಿರುವ ಸಾವಿರ ಜನ ಒಟ್ಟಿಗೆ ಕೂಗುತ್ತಿದ್ದಾರೆ. ಇದ್ಯಾವುದೂ ಕಡ್ಡಿಯಲ್ಲಿ ಕಾಣುವುದಿಲ್ಲ. ಆಸ್ಪತ್ರೆಯ ಒಳಗೆ ಬಹುಶಃ ಸಣ್ಣದೊಂದು ಬೂಸ್ಟರ್ ಇತ್ತು. ಅದು ಹತ್ತಿರವೇ ಇದ್ದದ್ದರಿಂದ ದನಿ ಜೋರು, ಕಡ್ಡಿ ನಾಲ್ಕು. ಆದರೆ ಬೂಸ್ಟರ್ ಸಿಗ್ನಲ್ ಜೊತೆ ಗದ್ದಲವನ್ನೂ ಹಿಗ್ಗಿಸುತ್ತದೆ. ಗೇಟಿನ ಹತ್ತಿರ ದನಿ ಸಣ್ಣದು, ಆದರೆ ಗಲಾಟೆ ಇಲ್ಲ. ಗಾರ್ಡಿಗೆ ಈ ಥಿಯರಿ ಗೊತ್ತಿಲ್ಲದಿರಬಹುದು, ಉತ್ತರ ಗೊತ್ತಿತ್ತು. ವೈಫೈ ಗುರುತಿನ ಕಥೆಯೂ ಇದೇ: ರೂಟರ್ ಹತ್ತಿರ ಇದೆ ಅಂತ ಅದು ಹೇಳುತ್ತದೆ, ರೂಟರಿನಿಂದಾಚೆಗೆ ಇಂಟರ್ನೆಟ್ ಇದೆಯೋ ಇಲ್ಲವೋ ಅದಕ್ಕೆ ಸಂಬಂಧವಿಲ್ಲ.

ಇನ್ನು 5ಜಿ ಅನ್ನುವ ಎರಡಕ್ಷರದ ಬೋರ್ಡು. 4ಜಿ ಟವರಿಗೆ 5ಜಿ ಜೋಡಿಸಿದ ಕಡೆ, ಫೋನ್ ಇನ್ನೂ 4ಜಿಯಲ್ಲೇ ಕೂತಿದ್ದರೂ "ಈ ಟವರಿನಲ್ಲಿ 5ಜಿ ಇದೆ" ಅನ್ನುವ ಸೂಚನೆ ಬಂದರೆ ಸಾಕು, ಮೇಲೆ 5ಜಿ ಅಂತ ಬರೆದುಕೊಳ್ಳುತ್ತದೆ. ಅಮೆರಿಕದಲ್ಲಿ ಎಟಿ ಅಂಡ್ ಟಿ ಅನ್ನುವ ಮೊಬೈಲ್ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2019ರಲ್ಲಿ ತನ್ನ 4ಜಿ ಫೋನುಗಳ ಮೇಲೇ "5ಜಿ ಇ" ಅಂತ ತೋರಿಸಿತು. ಹಳೇ ಬಸ್ಸಿಗೆ ಹೊಸ ಬೋರ್ಡು.

ಇಷ್ಟರವರೆಗೆ ಹೇಳಿದ್ದು ಕಿರಿಕಿರಿಯ ವಿಷಯ. ಈಗ ಹೇಳುವುದು ಬೇರೆ.

2022ರ ಜುಲೈ 8ರಂದು ಕೆನಡಾದಲ್ಲಿ ಒಂದು ದೊಡ್ಡ ಕಂಪನಿಯ ಜಾಲ ಪೂರ್ತಿ ಬಿದ್ದಿತು. ನಿರ್ವಹಣೆಗಾಗಿ ಮಾಡಿದ ಒಂದು ಬದಲಾವಣೆ ತಪ್ಪಿ, ಟವರುಗಳಿಂದ ಬಂದದ್ದನ್ನೆಲ್ಲ ಮುಂದೆ ದಾಟಿಸುವ ಜಾಲದ ನಡುಭಾಗವೇ ಕುಸಿಯಿತು. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರು. ಅಂಗಡಿಗಳಲ್ಲಿ ಡೆಬಿಟ್ ಕಾರ್ಡ್ ಪಾವತಿಯೂ ನಿಂತಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿವರ. ಫೋನುಗಳಿಗೆ ಒಂದು ಒಳ್ಳೆಯ ಗುಣವಿದೆ: ತನ್ನ ಕಂಪನಿಯ ಸಿಗ್ನಲ್ ಇಲ್ಲದಿದ್ದರೆ ತುರ್ತು ಕರೆಯನ್ನು ಯಾವ ಕಂಪನಿಯ ಟವರ್ ಸಿಕ್ಕರೂ ಅದರ ಮೂಲಕ ಮಾಡುತ್ತದೆ. ಅವತ್ತು ನಡುಭಾಗ ಸತ್ತಿತ್ತು, ಟವರುಗಳು ಮಾತ್ರ ಬದುಕಿದ್ದು ಸಿಗ್ನಲ್ ಬಿಡುತ್ತಲೇ ಇದ್ದವು. ಫೋನುಗಳು ಆ ಸಿಗ್ನಲ್ ನೋಡಿ, ಎಲ್ಲಾ ಸರಿಯಾಗಿದೆ ಅಂದುಕೊಂಡು, ಆ ಸತ್ತ ಜಾಲಕ್ಕೇ ಅಂಟಿಕೊಂಡವು. ತುರ್ತು ಕರೆ ಪಕ್ಕದ ಕಂಪನಿಗೆ ಹೋಗಬೇಕಾದ ಕಡೆ ಎಷ್ಟೋ ಜನರದ್ದು ಹೋಗಲಿಲ್ಲ. ಮರುವರ್ಷ, 2023ರ ನವೆಂಬರ್ 8ರಂದು, ಆಸ್ಟ್ರೇಲಿಯಾದಲ್ಲೂ ಹೆಚ್ಚುಕಡಿಮೆ ಇದೇ ಆಯಿತು. ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ತುರ್ತು ಕರೆ ತಲುಪಲಿಲ್ಲ.

ಅಂದರೆ ಕಡ್ಡಿಯ ಸುಳ್ಳು ನಮ್ಮನ್ನು ಮಾತ್ರವಲ್ಲ, ಫೋನನ್ನೂ ಏಮಾರಿಸಿತು. ಸಿಗ್ನಲ್ ಪೂರ್ತಿ ಹೋಗಿದ್ದರೆ ಆ ಕರೆಗಳು ಬೇರೆ ದಾರಿ ಹಿಡಿಯುತ್ತಿದ್ದವು. ಈಗಲೂ ಇದು ಕಡ್ಡೀನ ಗುಡ್ಡ ಮಾಡಿದ್ದು ಅನ್ನುತ್ತೀರಾ?

ಇನ್ನೊಂದು ಮಾತು, ಹೆಸರಿನ ಬಗ್ಗೆ. ವೈರ್‌ಲೆಸ್, ನಿಸ್ತಂತು ಅಂತ ಕರೆಯುತ್ತೇವೆ. ತಂತಿ ಇಲ್ಲದ್ದು ನನ್ನ ಕೈಯಿಂದ ಟವರಿನವರೆಗೆ ಮಾತ್ರ. ಟವರಿನ ಬುಡಕ್ಕೆ ಹೋಗಿ ನೋಡಿ: ಒಂದು ಕರೆಂಟಿನ ತಂತಿ, ಬಹುಪಾಲು ಕಡೆ ಒಂದು ಫೈಬರ್ ಕೇಬಲ್, ಒಂದಿಷ್ಟು ಬ್ಯಾಟರಿ. ಖಂಡದಿಂದ ಖಂಡಕ್ಕೆ ಹೋಗುವ ಮಾತು, ವಿಡಿಯೊ, ಹಣ ಬಹುತೇಕ ಎಲ್ಲವೂ ಸಮುದ್ರದ ತಳದ ಕೇಬಲ್‌ಗಳಲ್ಲೇ ಓಡುತ್ತದೆ. 2022ರ ಜನವರಿ 15ರಂದು ಟೊಂಗಾ ದ್ವೀಪಗಳ ಹತ್ತಿರ ಜ್ವಾಲಾಮುಖಿ ಸಿಡಿದು ಅಲ್ಲಿನ ಕೇಬಲ್ ತುಂಡಾಯಿತು. ಹೊರಗಿನ ಜಗತ್ತಿನ ಜೊತೆ ಕೇಬಲ್ ಸಂಪರ್ಕ ಮತ್ತೆ ಸಿಗಲು ಐದು ವಾರ ಬೇಕಾಯಿತು. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ಎರಡರಲ್ಲೂ ಕರೆಂಟ್ ಹೋದಾಗ ಟವರಿನ ಬ್ಯಾಟರಿಗಳು ಒಂದೊಂದಾಗಿ ಖಾಲಿಯಾದವು. ಸುದ್ದಿ ಬೇಕಾದ ಜನ ಸೆಲ್ ಹಾಕುವ ಹಳೇ ರೇಡಿಯೊ ಹುಡುಕಿಕೊಂಡು ಹೋದರು. ನೂರು ವರ್ಷದ ಹಿಂದಿನ ವೈರ್‌ಲೆಸ್ಸೇ ಕೊನೆಗೆ ಕೆಲಸಕ್ಕೆ ಬಂತು, ನೋಡಿ.

ನಾನು ಟವರ್ ಕಂಡರೆ ಕಲ್ಲು ಎತ್ತಿಕೊಳ್ಳುವವನಲ್ಲ. ಆ ಅಲೆಗಳು ಬೆಳಕಿನ ಬಳಗಕ್ಕೇ ಸೇರಿದವು, ಬೆಳಕಿಗಿಂತಲೂ ಬಹಳ ಕಡಿಮೆ ಕಸುವಿನವು, ಇಷ್ಟು ಗೊತ್ತಿದೆ. 1888ರ ಹೊತ್ತಿಗೆ ಜರ್ಮನಿಯ ವಿಜ್ಞಾನಿ ಹೈನ್ರಿಕ್ ಹರ್ಟ್ಜ್ ಈ ಅಲೆಗಳು ಇವೆ ಅಂತ ತೋರಿಸಿಕೊಟ್ಟರು. 1895ರಲ್ಲಿ ಜಗದೀಶ್ ಚಂದ್ರ ಬೋಸ್ ಕಲ್ಕತ್ತೆಯಲ್ಲಿ ಗೋಡೆಯಾಚೆಗೆ ಅಲೆ ಕಳಿಸಿ ಗಂಟೆ ಬಾರಿಸಿದರು, ಮದ್ದಿನ ಪುಡಿ ಸಿಡಿಸಿದರು. ಈಗ ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿರುವ ಜಿಪಿಎಸ್ ಉಪಗ್ರಹಗಳ ಪಿಸುಮಾತು ಕೇಳಿಸಿಕೊಂಡು ನನ್ನ ಫೋನ್ "ಎಡಕ್ಕೆ ತಿರುಗಿ" ಅನ್ನುತ್ತದೆ. ಇದನ್ನೆಲ್ಲ ಬೇಡ ಅನ್ನಲು ನನಗೇನು ತಲೆ ಕೆಟ್ಟಿಲ್ಲ.

ಆದರೆ ಈ ತಂತ್ರಜ್ಞಾನದ ಹುಟ್ಟಿನ ಕಾಲದಲ್ಲೇ ಒಂದು ಪಾಠ ಆಗಿತ್ತು. 1912ರ ಏಪ್ರಿಲ್ ರಾತ್ರಿ ಟೈಟಾನಿಕ್ ಮುಳುಗುತ್ತಿದ್ದಾಗ ಅದರ ವೈರ್‌ಲೆಸ್ ಯಂತ್ರ ಕೆಲಸ ಮಾಡುತ್ತಲೇ ಇತ್ತು. ದೂರದಲ್ಲಿದ್ದ ಕಾರ್ಪೇಥಿಯಾ ಹಡಗು ಕೇಳಿಸಿಕೊಂಡು ಓಡಿ ಬಂದು ಏಳುನೂರಕ್ಕೂ ಹೆಚ್ಚು ಜನರನ್ನು ಎತ್ತಿಕೊಂಡಿತು. ಅದಕ್ಕಿಂತ ಹತ್ತಿರ ಕ್ಯಾಲಿಫೋರ್ನಿಯನ್ ಅನ್ನುವ ಹಡಗಿತ್ತು. ಅದರಲ್ಲೂ ವೈರ್‌ಲೆಸ್ ಇತ್ತು. ಇದ್ದ ಒಬ್ಬನೇ ಆಪರೇಟರ್ ಯಂತ್ರ ಆಫ್ ಮಾಡಿ ಮಲಗಿದ್ದ. ಹೊರಗಿನಿಂದ ನೋಡಿದವರಿಗೆ ಆಂಟೆನಾ ಇದೆ, ಯಂತ್ರ ಇದೆ, ಎಲ್ಲಾ ಇದೆ. ಒಳಗೆ ಕೇಳುವವರು ಯಾರೂ ಇಲ್ಲ. ಆಮೇಲೆ 1914ರಲ್ಲಿ ಹಲವು ದೇಶಗಳು ಸೇರಿ ಹಡಗುಗಳ ಸುರಕ್ಷತೆಯ ಒಪ್ಪಂದ ಮಾಡಿಕೊಂಡು, ಪ್ರಯಾಣಿಕರ ಹಡಗುಗಳಲ್ಲಿ ಹಗಲೂ ರಾತ್ರಿ ಒಬ್ಬರು ಕಿವಿಗೊಟ್ಟು ಕೂತಿರಬೇಕು ಅಂತ ಬರೆದರು. ವೈರ್‌ಲೆಸ್ ಇದೆ ಅನ್ನುವುದು ಬೇರೆ, ಅದು ಕೇಳಿಸಿಕೊಳ್ಳುತ್ತಿದೆ ಅನ್ನುವುದು ಬೇರೆ ಅಂತ ಅವರಿಗೆ ಅವತ್ತೇ ಗೊತ್ತಾಗಿತ್ತು.

ಅದಕ್ಕೇ ಕಡ್ಡಿ ಮುರಿದ ಹಾಗೆ ಕೇಳಿಬಿಡುತ್ತೇನೆ.

ಫೋನ್ ತಯಾರಿಸುವವರೇ, ಕಡ್ಡಿ ಅಂದರೆ ಏನು ಅಂತ ನೀವೆಲ್ಲ ಕೂತು ಒಂದು ಅರ್ಥಕ್ಕೆ ಬನ್ನಿ. ನೀವು ಬರದಿದ್ದರೆ ಅಧಿಕಾರಿಗಳು ತರಲಿ. ಸಿಗ್ನಲ್ ಎಷ್ಟು ಜೋರು ಅನ್ನುವುದರ ಜೊತೆ ಎಷ್ಟು ಶುದ್ಧ ಅನ್ನುವುದನ್ನೂ ಫೋನ್ ಆಗಲೇ ಅಳೆಯುತ್ತದೆ, ಆ ಸಂಖ್ಯೆಗಳು ಸೆಟ್ಟಿಂಗ್ಸ್‌ನ ಯಾವುದೋ ಪಾತಾಳದಲ್ಲಿ ಬಿದ್ದಿರುತ್ತವೆ. ಅದನ್ನು ಮೇಲಕ್ಕೆ ತನ್ನಿ. ಟವರ್ ಸಿಗುತ್ತಿದೆ ಆದರೆ ಮಾತು ಮುಂದೆ ಹೋಗುತ್ತಿಲ್ಲ ಅನ್ನುವಾಗ ಹಾಗೇ ಹೇಳಿ, "ಸಿಗ್ನಲ್ ಇದೆ, ಸೇವೆ ಇಲ್ಲ" ಅಂತ. ನಾವೇನು ಮುನಿಸಿಕೊಳ್ಳುವುದಿಲ್ಲ, ಎದ್ದು ಗೇಟ್ ಹತ್ತಿರ ಹೋಗುತ್ತೇವೆ. 5ಜಿಯಲ್ಲಿ ಇಲ್ಲದಾಗ 5ಜಿ ಅಂತ ಬರೆಯಬೇಡಿ. ಇದನ್ನೂ ಕೇಳಬೇಕಾಗಿ ಬಂತಲ್ಲ ಅನ್ನುವುದೇ ಬೇಜಾರು.

ಜಾಲ ನಡೆಸುವವರೇ, ನಿಮ್ಮ ನಡುಭಾಗ ಬಿದ್ದರೆ ಟವರುಗಳು ತಾವಾಗಿಯೇ ಬಾಯಿ ಮುಚ್ಚುವ ಹಾಗೆ ಮಾಡಿ, ಆಗ ತುರ್ತು ಕರೆ ಪಕ್ಕದವರ ಜಾಲ ಹಿಡಿಯುತ್ತದೆ. ಮಾಡಿದ್ದೇವೆ ಅಂತ ಕಾಗದದಲ್ಲಿ ಬರೆದರೆ ಸಾಲದು. ಆಸ್ಟ್ರೇಲಿಯಾದಲ್ಲಿ ಬಾಯಿ ಮುಚ್ಚಬೇಕಿದ್ದ ಕೆಲವು 3ಜಿ ಟವರುಗಳು ಮುಚ್ಚದೇ ಹೋದದ್ದೇ ತೊಂದರೆಯ ಮೂಲ. ವರ್ಷಕ್ಕೊಮ್ಮೆ ನಿಜವಾಗಿ ಪರೀಕ್ಷೆ ಮಾಡಿ, ಏನಾಯಿತು ಅಂತ ಹೊರಗೆ ಹೇಳಿ. ಕರೆಂಟ್ ಹೋದರೆ ನಮ್ಮ ಮನೆ ಹತ್ತಿರದ ಟವರ್ ಎಷ್ಟು ಗಂಟೆ ನಡೆಯುತ್ತದೆ ಅನ್ನುವುದೂ ನಮಗೆ ಗೊತ್ತಿರಬೇಕು. ಎರಡು ಗಂಟೆಯಾದರೆ ಎರಡು ಗಂಟೆ ಅಂತಲೇ ಹೇಳಿ, ನಾವು ಅದಕ್ಕೆ ತಕ್ಕ ಹಾಗೆ ಏನಾದರೂ ಮಾಡಿಕೊಳ್ಳುತ್ತೇವೆ. ಹಳೇ ಜಾಲಗಳನ್ನು ಮುಚ್ಚುವಾಗಲೂ ಅಷ್ಟೇ. 3ಜಿ ಮುಚ್ಚಿದ ದೇಶಗಳಲ್ಲಿ ಒಂದು ವಿಚಿತ್ರ ಹೊರಬಂತು: 4ಜಿಯಲ್ಲಿ ಚೆನ್ನಾಗಿ ವಿಡಿಯೊ ನೋಡಿಸುತ್ತಿದ್ದ ಕೆಲವು ಫೋನುಗಳು ತುರ್ತು ಕರೆಗೆ ಮಾತ್ರ 3ಜಿಗೇ ಇಳಿಯುತ್ತಿದ್ದವು. ಅಂಥ ಫೋನ್ ಇಟ್ಟುಕೊಂಡ ಅಜ್ಜಿಗೆ ಅದು ಹೇಗೆ ಗೊತ್ತಾಗಬೇಕು? ಒಂದು ಎಸ್ಸೆಮ್ಮೆಸ್ ಕಳಿಸಿ ಕೈತೊಳೆದುಕೊಂಡರೆ ಆಗುವುದಿಲ್ಲ.

ಎಸ್ಸೆಮ್ಮೆಸ್ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು, ಇದು ಬ್ಯಾಂಕು, ವಿಮೆ, ಆಸ್ಪತ್ರೆ ನಡೆಸುವವರಿಗೂ ಸೇರಿ. ಮೊದಲ ಎಸ್ಸೆಮ್ಮೆಸ್ ಹೋದದ್ದು 1992ರ ಡಿಸೆಂಬರ್ 3ರಂದು, ಅದರಲ್ಲಿದ್ದದ್ದು ಕ್ರಿಸ್‌ಮಸ್ ಶುಭಾಶಯ. ಅದರ ವಿನ್ಯಾಸವೇ ಹಾಗಿದೆ: ಮೆಸೇಜ್ ಒಂದು ಕೇಂದ್ರದಲ್ಲಿ ಕೂತಿರುತ್ತದೆ, ಫೋನ್ ಸಿಕ್ಕರೆ ತಲುಪಿಸುತ್ತದೆ, ಸಿಗದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸುತ್ತದೆ. ಇಷ್ಟೇ ಹೊತ್ತಿನಲ್ಲಿ ತಲುಪಿಸುತ್ತೇನೆ ಅಂತ ಅದು ಯಾರಿಗೂ ಮಾತು ಕೊಟ್ಟಿಲ್ಲ. ನನ್ನ ಏಳು ಓಟಿಪಿ ಒಟ್ಟಿಗೆ ಬಂದದ್ದು ಇದಕ್ಕೇ ಇರಬೇಕು. ಹಬ್ಬದ ಶುಭಾಶಯ ಮುಕ್ಕಾಲು ಗಂಟೆ ತಡವಾದರೆ ಏನೂ ಆಗುವುದಿಲ್ಲ. ಅಂಥದ್ದರ ಮೇಲೆ ಐದು ನಿಮಿಷಕ್ಕೆ ಸಾಯುವ ಓಟಿಪಿಯನ್ನು ಹತ್ತಿಸಿ ಕಳಿಸಿದವರು ನೀವು. ಕಳಿಸಿ, ಬೇಡ ಅನ್ನುವುದಿಲ್ಲ. ಆದರೆ ಅದೊಂದೇ ಬಾಗಿಲು ಇಡಬೇಡಿ. ಗುರುತಿನ ಚೀಟಿ ನೋಡಿ, ಸಹಿ ಹಾಕಿಸಿಕೊಂಡು ಕೆಲಸ ಮುಗಿಸುವ ಅಧಿಕಾರ ಕೌಂಟರಿನಲ್ಲಿ ಕೂತವರಿಗೆ ಇರಲಿ. ಪಾಪ, ಆಕೆಗೂ ಅವತ್ತು ನನ್ನನ್ನು ಕಳಿಸಿಬಿಡುವ ಮನಸ್ಸಿತ್ತು, ಕಂಪ್ಯೂಟರ್ ಬಿಡಲಿಲ್ಲ.

ಅಧಿಕಾರಿಗಳೇ, ತರಂಗಾಂತರ ಯಾವ ಕಂಪನಿಯ ಸ್ವತ್ತೂ ಅಲ್ಲ, ಎಲ್ಲರದ್ದು. ನೀವು ಅದನ್ನು ಅವರಿಗೆ ಬಳಸಲು ಕೊಟ್ಟಿದ್ದೀರಿ. ಕೊಡುವಾಗ ದುಡ್ಡಿನ ಲೆಕ್ಕ ಅಣು ಅಣುವಾಗಿ ನೋಡುತ್ತೀರಿ, ಅಲ್ವಾ? ಮೇಲೆ ಕೇಳಿದ್ದನ್ನೆಲ್ಲ ಅದೇ ಕರಾರಿನೊಳಗೆ ಷರತ್ತಾಗಿ ಬರೆಯಿರಿ. ವ್ಯಾಪ್ತಿಯ ನಕ್ಷೆಗಳನ್ನೂ ಕಂಪನಿಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಬಣ್ಣ ಬಳಿದು ಕೊಟ್ಟದ್ದನ್ನು ಹಾಗೇ ನಂಬಬೇಡಿ. ಫೋನ್ ಹಿಡಿದು ನಾಲ್ಕು ಗೋಡೆಗಳ ಒಳಗೆ, ಮೆಟ್ಟಿಲ ಕೆಳಗೆ, ಲಿಫ್ಟಿನಲ್ಲಿ ನಡೆದು ನೋಡಲು ಜನರನ್ನು ಕಳಿಸಿ. ಹೊಸ ಕಟ್ಟಡಗಳ ಗಾಜಿಗೆ ಬಿಸಿಲು ತಡೆಯಲು ಲೋಹದ ತೆಳು ಲೇಪ ಇರುತ್ತದೆ, ಅದು ಸಿಗ್ನಲನ್ನೂ ತಡೆಯುತ್ತದೆ. ರಸ್ತೆಯಲ್ಲಿ ಕಾರು ಓಡಿಸಿ ಅಳೆದರೆ ಅದು ಗೊತ್ತಾಗುವುದಿಲ್ಲ.

ಎಲ್ಲವನ್ನೂ ನಾಳೆಯೇ ಮಾಡಿ ಅಂತಿಲ್ಲ. ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ, ಯಾಕೆ ಅಂತ ನಮಗೆ ಅರ್ಥವಾಗುವ ಮಾತಿನಲ್ಲಿ ಒಂದು ಉತ್ತರ ಬರೆಯಿರಿ. ದಯವಿಟ್ಟು ಎಸ್ಸೆಮ್ಮೆಸ್‌ನಲ್ಲಿ ಕಳಿಸಬೇಡಿ.

ಮುಂದಿನ ತಿಂಗಳು ಅಮ್ಮನನ್ನು ತಪಾಸಣೆಗೆ ಅದೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಆ ಗಾರ್ಡಿಗೆ ಯಾವ ದಿನ ರಜೆ ಅಂತ ಕೇಳಿಟ್ಟುಕೊಂಡಿದ್ದೇನೆ.

ಇಂತಿ,
ಗೇಟಿನ ಕಂಬದ ಪಕ್ಕ ನಿಂತಿದ್ದ ನಿಮ್ಮ ಒಬ್ಬ ಗ್ರಾಹಕ